ಉಸಿರು ಜಾಸ್ತಿಯಾದ ಓಲಗ

ಹಳೆಯದೊಂದು ಸಿಂಥಸೈಜರ್ ಕೀಬೋರ್ಡ್ ನನಗೆ ಹೊಸದರ ಅರ್ಧ ಬೆಲೆಗೂ ಕಡಿಮೆಗೆ ಬಿತ್ತು. ಅದರಲ್ಲಿದ್ದ ಸಿದ್ಧ ನಾದಗಳೆಲ್ಲ ಅಳಿಸಿಹೋಗಿದ್ದವು, ಅದಕ್ಕೇ ಅಷ್ಟು ಅಗ್ಗ. ಮುಳಬಾಗಿಲಿನಲ್ಲಿ ನಾನು ನಡೆಸುವ ಮದುವೆ ಆರ್ಕೆಸ್ಟ್ರಾದ ಕೀಬೋರ್ಡ್ ವಾದಕರು ಮಾತ್ರ, "ತಗೊಳ್ಳಣ್ಣ, ನಾದ ನಾನು ಮಾಡ್ಕೊತೀನಿ" ಅಂದರು.

ನಾದಸ್ವರ ಮಾಡುವಾಗ ಅವರು ತಾವೇ ಊದುವವರಂತೆ ಕೆನ್ನೆ ಉಬ್ಬಿಸಿ, ಸ್ವರ ಎಷ್ಟು ಬೇಗ ಏಳಬೇಕೆಂದು ಹಿಡಿತದಲ್ಲಿಡುವ ಅಟ್ಯಾಕ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವರು. ಸ್ವರ ಥಟ್ಟನೆ ಬೀಳದೆ ಮೆಲ್ಲಗೆ ಏಳುತ್ತಿತ್ತು. ಆಮೇಲೆ ಸ್ವರವನ್ನು ಅಲುಗಿಸುವ ಎಲ್‌ಎಫ್‌ಒ ಗುಂಡಿ. ಎದ್ದ ಸ್ವರ ತೊಟ್ಟಿಲಿನಂತೆ ತೂಗತೊಡಗುತ್ತಿತ್ತು. ನಾನು ಅವಸರ ಮಾಡಿದರೆ, "ಉಸಿರು ಬರ್ಲಿ ಇರಣ್ಣ" ಅನ್ನುವರು.

ಗೌನಿಪಲ್ಲಿಯ ಒಂದು ಮದುವೆಗೆ ಓಲಗದವರು ಬರಲಿಲ್ಲ. ಓಲಗವಿಲ್ಲದೆ ತಾಳಿ ಕಟ್ಟಿಸುವುದಿಲ್ಲವೆಂದು ಹುಡುಗಿಯ ತಂದೆ ಹಟ ಹಿಡಿದರು. ನಮ್ಮ ಕೀಬೋರ್ಡ್ ವಾದಕರೇ ಆ ನಾದಸ್ವರದ ನಾದ ಹಾಕಿಕೊಂಡು ಕೂತರು. ನಿಧಾನದ ಆಲಾಪನೆಗೆ ಹಿರಿಯರು ತಲೆದೂಗಿದರು. ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ" ಅಂದಾಗ ಇವರು ಜೋರಾಗಿ ಬೆರಳು ಓಡಿಸಿದರು, ಸದ್ದೇ ಇಲ್ಲ. ಒಂದೊಂದು ಸ್ವರವೂ ಏಳುವ ಮೊದಲೇ ಬೆರಳು ಮುಂದಕ್ಕೆ ಹೋಗುತ್ತಿತ್ತು. ತಾಳಿ ಹುಡುಗನ ಕೈಯಲ್ಲೇ ಉಳಿಯಿತು.

"ಏಮಯ್ಯಾ, ನಿನ್ನ ಪೆಟ್ಟಿಗೆಗೆ ನಿದ್ದೆ ಬಂತಾ?" ಅಂದರು ಹುಡುಗಿಯ ತಂದೆ.

"ಉಸಿರು ಜಾಸ್ತಿ ಆಯ್ತು ಸ್ವಾಮಿ" ಎನ್ನುತ್ತ ಅವರು ಅಟ್ಯಾಕನ್ನು ಸೊನ್ನೆಗೆ ತಿರುಗಿಸಿದರು. ಮೇಳ ಮೊಳಗಿತು, ತಾಳಿ ಕಟ್ಟಿದ್ದಾಯಿತು. ಅವರು ಕೆನ್ನೆ ಉಬ್ಬಿಸಿಕೊಂಡೇ ಇದ್ದರು.

ನೀವು ಕೀಬೋರ್ಡ್ ಕೊಳ್ಳಲು ಹೋದರೆ ಅಂಗಡಿಯವನು ನಿಧಾನದ ಸ್ವರ ಕೇಳಿಸಿ ಮರುಳು ಮಾಡುತ್ತಾನೆ. ತಲೆಯಾಡಿಸಬೇಡಿ. ಅದೇ ನಾದದಲ್ಲಿ ಗಟ್ಟಿಮೇಳ ಬಾರಿಸಿ ನೋಡಿ, ಅಟ್ಯಾಕ್ ಗುಂಡಿ ಸಲೀಸಾಗಿ ಸೊನ್ನೆಗೆ ಬರುತ್ತದೆಯೇ ಪರೀಕ್ಷಿಸಿ. ಬೆಲೆಯ ಮಾತು ಆಮೇಲೆ.