ನೌಕಿ ಕಥಿಯ ಕೊನೆಯ ಕಂತು

ನನ್ನ ತಂಗಿ ಕಮಲಿಗೆ ನಾನು ಒಂದು ಕಥೆಯ ಕೊನೆಯ ಕಂತನ್ನು ಓದಿ ಹೇಳಬೇಕಾಗಿತ್ತು. ಓದಲಿಲ್ಲ. ಓದಿದ ಹಾಗೆ ಮಾಡಿದೆ. ಅದಾಗಿ ಸ್ವಲ್ಪ ದಿನಕ್ಕೆ ಇನ್ನೊಂದು ಸುಳ್ಳು ಹೇಳಿದೆ. ಅದು ಮೊದಲಿನದಕ್ಕಿಂತ ದೊಡ್ಡದು. ನಾನು ಸಾಲಿ ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಓದು ಬರಹ ಕೈಗೆ ಹತ್ತಿದ್ದು ಬಹಳ ವರ್ಷಗಳ ಮೇಲೆ. ಸುತ್ತು ಬಳಸಿ ಹೇಳುವುದು ನನಗೆ ಬರುವುದಿಲ್ಲವಾದ್ದರಿಂದ ಮೊದಲೇ ಹೇಳಿಬಿಟ್ಟಿದ್ದೇನೆ.

ಆಗಿನ್ನೂ ಎಂಬತ್ತರ ದಶಕದ ಆರಂಭ. ಕಲಘಟಗಿಯ ನಮ್ಮ ಓಣಿಗೆ ಟೀವಿ ಕಾಲಿಟ್ಟಿರಲಿಲ್ಲ. ನಮ್ಮದು ತೊಟ್ಟಿಲಿಗೆ ಬಣ್ಣ ಹಾಕುವ ಮನೆ. ಅಪ್ಪ ಪಡಸಾಲೆಯಲ್ಲಿ ಕುಳಿತು ಕಟ್ಟಿಗೆಯ ಪಟ್ಟಿಗಳ ಮೇಲೆ ದೇವರು, ಹಂಸ, ಗಿಳಿ, ಬಳ್ಳಿ ಬರೆಯುತ್ತಿದ್ದರು. ಅವ್ವ ಮತ್ತು ನಾನು ತೊಟ್ಟಿಲಿನ ಕಾಲುಗಳಿಗೆ ಬಣ್ಣದ ಅರಗು ಹಚ್ಚಿ ಉಜ್ಜುತ್ತಿದ್ದೆವು. ಬಿಸಿ ಅರಗಿನ ವಾಸನೆ ನಮ್ಮ ರೊಟ್ಟಿಗೂ ಹತ್ತಿಕೊಳ್ಳುತ್ತಿತ್ತು. ಬೇರೆಯವರ ಮನೆಯಲ್ಲಿ ಊಟ ಮಾಡಿದರೆ ಏನೋ ಕಡಿಮೆಯಾದಂತೆ ಅನಿಸುತ್ತಿತ್ತು.

ಎರಡು ಮನೆ ಆಚೆ ಕನ್ನಡ ಸಾಲಿಯಲ್ಲಿ ಕಲಿಸುವ ಅಕ್ಕೋರು ಬಾಡಿಗೆಗೆ ಇದ್ದರು. ಅವರಿಗೆ ಹುಬ್ಬಳ್ಳಿ ಬಸ್ಸಿನಲ್ಲಿ ಪ್ರತಿ ಗುರುವಾರ ಒಂದು ವಾರಪತ್ರಿಕೆ ಬರುತ್ತಿತ್ತು. ಅವರು ಓದಿದ ಮೇಲೆ ಶುಕ್ರವಾರ ಸಂಜೆ ಅದು ನಮ್ಮ ಮನೆಗೆ. ಅದರಲ್ಲಿ ಮೂರು ವರ್ಷದಿಂದ ಒಂದು ಆಕಾಶನೌಕೆಯ ಕಥೆ ನಡೆದಿತ್ತು. ಅದಕ್ಕೆ ದೊಡ್ಡದೊಂದು ಸಂಸ್ಕೃತದ ಹೆಸರಿತ್ತು. ನಮ್ಮ ಮನೆಯಲ್ಲಿ ಅದು ಬರೀ ‘ನೌಕಿ ಕಥಿ’. ನಲವತ್ತು ಮಂದಿಯನ್ನು ಹೊತ್ತು ಭೂಮಿ ಬಿಟ್ಟ ನೌಕೆ ಚಿಕ್ಕೆಗಳ ನಡುವೆ ದಾರಿ ತಪ್ಪಿದೆ. ಅದರಲ್ಲಿ ತಾರಿಣಿ ಎಂಬ ಹುಡುಗಿ ಕಿವಿಗೆ ಯಂತ್ರ ಹಚ್ಚಿಕೊಂಡು ಕುಳಿತಿರುತ್ತಾಳೆ. ಭೂಮಿಯಿಂದ ಯಾರಾದರೂ ಮಾತಾಡುತ್ತಾರೇನೋ ಎಂದು ಆಲಿಸುವುದೇ ಅವಳ ಕೆಲಸ.

ಕಮಲಿಗೆ ಆಗ ಹತ್ತು ವರ್ಷ, ನನಗೆ ಹದಿನಾಲ್ಕು. ನಾವು ಅರಗು ತಿಕ್ಕುತ್ತಿದ್ದರೆ ಅವಳು ಗಟ್ಟಿಯಾಗಿ ಓದುವಳು. ಓದಿ ಮುಗಿದ ಮೇಲೆ ಎರಡು ತೆಂಗಿನ ಚಿಪ್ಪು ಕಿವಿಗೆ ಹಿಡಿದು ಹಿತ್ತಲಿನ ನುಗ್ಗಿಗಿಡದ ಬುಡದಲ್ಲಿ ಕೂಡುವಳು.

“ಹಲೋ, ಭೂಮಿ! ಕೇಳಸ್ತೈತೇನು, ಭೂಮಿ!”

“ಭೂಮಿ ಮ್ಯಾಲೆ ಕುಂತು ಭೂಮಿನ್ನ ಕರಿಯಾಕತ್ತಾಳ ನೋಡು ಈಕಿ,” ಎಂದು ಅವ್ವ ನಗುವಳು.

ಒಂದು ಸಲ ಅಪ್ಪ ತೊಟ್ಟಿಲಿನ ಮೇಲೆ ದೇವರ ವಿಮಾನ ಬರೆಯುತ್ತಿದ್ದಾಗ ಕಮಲಿ ಹೋಗಿ ನಿಂತಳು.

“ಅಪ್ಪಾ, ಅದಕ್ಕೊಂದು ಕಿಡಕಿ ಬರಿ. ತಾರಿಣಿ ಹೊರಗ ನೋಡಬೇಕು.”

“ದೇವರಿಗೆ ಯಾಕ ಬೇಕಬೇ ಕಿಡಕಿ? ಗಾಳಿ ಬರಲೆಂತನ?”

“ಅಲ್ಲಿ ಗಾಳಿನ ಇಲ್ಲಪಾ!”

ಗಾಳಿಯೇ ಇಲ್ಲದ ಕಡೆ ಕಿಡಕಿ ಎಂದು ಅಪ್ಪ ವಾರವೆಲ್ಲ ನಕ್ಕರು. ಆದರೂ ಗೋಧಿ ಕಾಳಿನಷ್ಟು ದೊಡ್ಡದೊಂದು ಹಳದಿ ಕಿಡಕಿ ಬರೆದರು. ಆ ತೊಟ್ಟಿಲು ಯಾವ ಊರಿಗೆ ಹೋಯಿತೋ, ಯಾರ ಕೂಸು ಅದರಲ್ಲಿ ಮಲಗಿತೋ.

ಇಲ್ಲೊಂದು ಮಾತು ಹೇಳಲೇಬೇಕು. ಪ್ರತಿ ಕಂತಿನ ಕೊನೆಗೆ ‘ಸಶೇಷ’ ಎಂದು ಇರುತ್ತಿತ್ತು. ಒಂದು ದಿನ ನಾನೇ ಪತ್ರಿಕೆ ತೆಗೆದು, ಆ ಒಂದು ಪದವನ್ನು ಕೂಡಿಸಿ ಕೂಡಿಸಿ ಓದಿ, “ಈ ಸಶೇಷ ಅನ್ನಾವ ಭಾಳ ಚಲೋ ಬರಿತಾನ ನೋಡು,” ಎಂದೆ. ಅದು ಬರೆದವನ ಹೆಸರು ಎಂದೇ ನಾನು ತಿಳಿದಿದ್ದೆ. ಕಮಲಿ ನೆಲದ ಮೇಲೆ ಉರುಳಾಡಿ ನಕ್ಕಳು. “ಅಕ್ಕಾ, ಕಥಿ ಇನ್ನೂ ಐತಿ ಅಂತ ಅದರ ಅರ್ಥ!” ಮರುದಿನ ಸಾಲಿಯಲ್ಲಿ ಎಲ್ಲರಿಗೂ ಹೇಳಿದಳು. ಶಾಂತವ್ವ ಇದ್ದ ನಾನು ಓಣಿಯ ಹುಡುಗಿಯರ ಬಾಯಲ್ಲಿ ‘ಸಶೇಷವ್ವ’ ಆದೆ. ನಾನೂ ಅವರ ಜೊತೆ ನಕ್ಕೆ. ಒಳಗೆ ಮಾತ್ರ ಗಟ್ಟಿ ಮಾಡಿಕೊಂಡೆ, ನನಗೆ ಓದಲು ಬರುವುದಿಲ್ಲ ಎಂಬುದನ್ನು ಇನ್ನೊಮ್ಮೆ ಇವಳ ಮುಂದೆ ತೋರಿಸಬಾರದು ಎಂದು.

ಉಗಾದಿ ಮುಗಿದು ಬಿಸಿಲು ಏರಿದ ದಿನಗಳಲ್ಲಿ ಕಮಲಿಗೆ ಜ್ವರ ಬಂದು ಮೈ ತುಂಬ ಗುಳ್ಳೆ ಎದ್ದವು. “ಅಮ್ಮ ಬಂದಾಳ,” ಎಂದಳು ಅವ್ವ. ಬಾಗಿಲಿಗೆ ಬೇವಿನ ಸೊಪ್ಪು ಬಂತು, ಅಡಿಗೆಮನೆಯಲ್ಲಿ ಒಗ್ಗರಣೆ ನಿಂತಿತು, ಅರಗು ಕಾಯಿಸುವುದೂ ನಿಂತಿತು. ಮನೆಯೊಳಗೆ ಬಿರುಸು ಮಾತು ಆಡುವಂತಿಲ್ಲ, ಅಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಮಲಗಿದ ಕೂಸು ಏನು ಕೇಳಿದರೂ ಇಲ್ಲ ಎನ್ನುವಂತಿಲ್ಲ. ಕೇಳುವವಳು ಕೂಸಲ್ಲ, ಮೈಮೇಲೆ ಬಂದ ಅಮ್ಮ. ಅವ್ವ ಹೆತ್ತ ಮಗಳಿಗೇ ಬಹುವಚನ ಹಚ್ಚಿದಳು.

“ಏನು ಬೇಕ್ರಿ, ತಾಯಿ?”

ಕಮಲಿ ಎರಡೇ ದಿನದಲ್ಲಿ ಇದರ ರುಚಿ ಹಿಡಿದಳು. ಕಲ್ಲಂಗಡಿ ಕೇಳಿದಳು. ಅಪ್ಪ ಹುಬ್ಬಳ್ಳಿಗೆ ಹೋಗಿ ತಂದರು. ಆಮೇಲೆ, “ಅಕ್ಕ ನನ್ನ ಕಾಲು ಒತ್ತಬೇಕು,” ಎಂದಳು.

ನಾನು ಬಗ್ಗಿ ಅವಳ ಕಿವಿಯಲ್ಲಿ ಕೇಳಿದೆ: “ಏ, ಇದನ್ನ ಅಮ್ಮ ಕೇಳಾಕತ್ತಾಳೋ, ನೀ ಕೇಳಾಕತ್ತಿಯೋ?”

“ಅಮ್ಮನ. ಒತ್ತು.”

ಆ ಶುಕ್ರವಾರ ಅಕ್ಕೋರು ಬಾಗಿಲ ಹೊರಗೇ ನಿಂತು ಪತ್ರಿಕೆ ಚಾಚಿದರು. “ಇದು ಕಡೀ ಕಂತು, ಶಾಂತಾ. ತಿರುಗಿ ಕೊಡೂದು ಬ್ಯಾಡ, ನಮ್ಮ ಮನ್ಯಾಗ ಸಣ್ಣ ಹುಡುಗರದಾರ. ನೀವ ಇಟ್ಕೋರಿ.”

ಅವ್ವ ಅಮ್ಮನ ಗುಡಿಗೆ ತಣ್ಣೀರು ಹಾಕಲು ಹೋಗಿದ್ದಳು. ಅಪ್ಪನೂ ಮನೆಯಲ್ಲಿರಲಿಲ್ಲ. ಕಮಲಿಯ ರೆಪ್ಪೆಯ ಮೇಲೂ ಗುಳ್ಳೆ ಎದ್ದು ಕಣ್ಣು ಅಂಟಿಹೋಗಿದ್ದವು. ಕಾಗದದ ಸಪ್ಪಳ ಕೇಳಿ ಎದ್ದು ಕೂಡಲು ನೋಡಿದಳು.

“ಅಕ್ಕಾ, ಓದು.”

“ಕಣ್ಣು ಬಿಟ್ಟ ಮ್ಯಾಲೆ ನೀನ ಓದಿಯಂತ.”

“ಅಲ್ಲೀ ತನಕ ಹೆಂಗ ಇರಲಿ? ತಾರಿಣಿಗೆ ಭೂಮಿ ಮಾತು ಕೇಳಿಸ್ತೋ ಇಲ್ಲೋ? ನೌಕಿ ತಿರುಗಿ ಬಂತೋ ಇಲ್ಲೋ? ಓದಕ್ಕಾ. ಅಮ್ಮ ಕೇಳಾಕತ್ತಾಳ.”

ಪುಟ ತೆರೆದೆ. ‘ತಾರಿಣಿ ಕಿವಿಗೊಟ್ಟಳು’ ಎಂಬ ಮೊದಲ ಸಾಲು ನನಗೆ ಬಂತು. ಅದರ ಮುಂದೆ ಎಲ್ಲ ಒತ್ತಕ್ಷರಗಳು. ಒಂದು ಅಕ್ಷರದ ಕಾಲಿಗೆ ಇನ್ನೊಂದು, ಅದರ ಕಾಲಿಗೆ ಮತ್ತೊಂದು ಜೋತುಬಿದ್ದಿದ್ದವು. ಒಂದೊಂದೇ ಅಕ್ಷರ ಹೇಳಿದ್ದರೂ ಸಾಕಿತ್ತು, ಕಮಲಿ ಕಣ್ಣು ಮುಚ್ಚಿಕೊಂಡೇ ಪದ ಕೂಡಿಸುತ್ತಿದ್ದಳು. ಇಬ್ಬರೂ ಸೇರಿ ರಾತ್ರಿಯೊಳಗೆ ಮುಗಿಸಬಹುದಿತ್ತು. ಹಾಗೆ ಮಾಡಲು ನನಗೆ ಬಾಯಿ ಬರಲಿಲ್ಲ. ಪುಟದ ತಳದಲ್ಲಿ ‘ಬರಲಿಲ್ಲ’ ಎಂಬ ಪದ ಮಾತ್ರ ಸ್ಪಷ್ಟವಾಗಿ ಕಂಡಿತು. ಅಮ್ಮ ಬಂದ ಮನೆಯಲ್ಲಿ ಅಶುಭ ನುಡಿಯಬಾರದೆಂದು ಕಥೆ ತಿದ್ದಿದೆ ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಖರೇ ಹೇಳುವುದಾದರೆ, ನನಗೆ ಓದಲು ಬರಲಿಲ್ಲ, ಅದನ್ನು ಹೇಳಲು ನಾಚಿಕೆಯಾಯಿತು.

ಪುಟವನ್ನು ಮುಖಕ್ಕೆ ಹಿಡಿದು ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ತಾರಿಣಿಗೆ ಭೂಮಿಯ ಮಾತು ಕೇಳಿಸಿತು. ಅದು ಅವಳ ಅವ್ವನ ದನಿ. ಆ ದನಿ ಹಿಡಿದು ನೌಕೆ ದಾರಿ ಕಂಡುಕೊಂಡಿತು. ಒಂದು ಊರಿನ ಕೆರೆಯ ಬಯಲಿಗೆ ಇಳಿಯಿತು. ಊರ ಹೆಣ್ಣುಮಕ್ಕಳೆಲ್ಲ ಆರತಿ ಹಿಡಿದು ಬಂದರು. ತಾರಿಣಿಯ ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ನೌಕೆಯ ದೃಷ್ಟಿ ತೆಗೆದಳು. ನಲವತ್ತು ಮಂದಿಗೂ ಬಾಳೆಎಲೆ ಹಾಕಿ ಹೊಸ ಅಕ್ಕಿಯ ಅನ್ನ ಬಡಿಸಿದರು.

ಕಮಲಿಯ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ನಗುತ್ತಲೂ ಇದ್ದಳು. “ಬಂತು, ಹೌದಿಲ್ಲೋ? ನಾ ಹೇಳಿದ್ನಿಲ್ಲೋ, ಬರತೈತಿ ಅಂತ? ಇನ್ನೊಮ್ಮೆ ಓದು.”

ಎರಡನೇ ಸಲ ದೃಷ್ಟಿ ತೆಗೆದವಳು ಅಜ್ಜಿಯಾದಳು.

“ಮೊದಲ ಅವ್ವ ಅಂದಿ?”

“ಇಬ್ಬರೂ ಬಂದಿದ್ರು. ಸುಮ್ಮನ ಕೇಳು.”

ಅವಳಿಗೆ ಅಷ್ಟೇ ಸಾಕಾಯಿತು. ಅಂದು ರಾತ್ರಿ ಮೈ ಕೆರೆದುಕೊಳ್ಳದೆ ಸುಖವಾಗಿ ನಿದ್ದೆ ಮಾಡಿದಳು. ಗಂಜಿ ಕುಡಿಯುವಾಗ, ಹಾಸಿದ ಬೇವಿನ ಸೊಪ್ಪಿನ ಮೇಲೆ ಹೊರಳುವಾಗ ಅದನ್ನೇ ಹೇಳಿಕೊಂಡಳು. ಮೂರು ವರ್ಷ ಕಾದಿದ್ದಳಲ್ಲ.

ಗುಳ್ಳೆ ಬಾಡಿದ ಮೇಲೆ ಕಮಲಿಯ ತಲೆಗೆ ನೀರು ಹಾಕಿದರು. ಹಾಸಿದ ಬೇವಿನ ಸೊಪ್ಪು, ಹಳೆಯ ಚಾಪೆ ಎಲ್ಲವನ್ನೂ ಹಳ್ಳಕ್ಕೆ ಬಿಟ್ಟು ಬರಲು ಅವ್ವ ನನ್ನನ್ನು ಕಳಿಸಿದಳು. ಆ ಚಾಪೆಯ ಸುರುಳಿಯೊಳಗೆ ನಾನು ಪತ್ರಿಕೆಯನ್ನೂ ಇಟ್ಟೆ. ಯಾರೂ ಹೇಳಿರಲಿಲ್ಲ.

ಕಮಲಿ ಸಾಲಿಗೆ ಹೋದ ಮೊದಲ ದಿನವೇ ಸಂಜೆ ನನ್ನ ಕೈ ಹಿಡಿದು ಎಳೆದುಕೊಂಡು ಅಕ್ಕೋರ ಮನೆಯ ಕಟ್ಟೆಗೆ ಬಂದಳು. ಅಲ್ಲಿ ಐದಾರು ಹುಡುಗಿಯರು ಕುಳಿತಿದ್ದರು. ನೌಕೆ ಇಳಿದದ್ದನ್ನು ಅವಳು ಆಗಲೇ ಎಲ್ಲರಿಗೂ ಹೇಳಿ ಜಗಳ ಹಚ್ಚಿಕೊಂಡಿದ್ದಳು.

ಅಕ್ಕೋರು ಮೆತ್ತಗೆ ಹೇಳಿದರು: “ನೌಕೆ ತಿರುಗಿ ಬರಲಿಲ್ಲ, ಕಮಲಾ. ತಾರಿಣಿಗೆ ದನಿ ಕೇಳಸ್ತೈತಿ, ಆದ್ರ ಆ ದನಿ ಹೊರಟು ಎಷ್ಟೋ ವರ್ಷ ಆಗಿರತಾವು. ಮಾತಾಡಿದವರು ಯಾರೂ ಈಗ ಉಳಿದಿಲ್ಲ ಅಂತ ಆಕಿಗೆ ತಿಳಿತೈತಿ. ‘ನಿಮ್ಮ ಮಾತು ನನಗೆ ಮುಟ್ಟಿತು’ ಅಂತ ತಿರುಗಿ ಹೇಳಿ, ನೌಕೆ ಮುಂದಕ್ಕ ಹೊಕ್ಕೈತಿ. ಅಷ್ಟ.”

“ಇಲ್ರೀ ಅಕ್ಕೋರ! ನಮ್ಮ ಅಕ್ಕ ಎರಡ ಸಲ ಓದ್ಯಾಳ್ರಿ. ಕೆರಿ ಬಯಲಾಗ ಇಳಿತ್ರಿ. ಹೇಳಕ್ಕಾ, ನೀನ ಹೇಳು!”

ಹುಡುಗಿಯರೆಲ್ಲ ನನ್ನ ಮುಖ ನೋಡಿದರು. ಒಬ್ಬಳು ಆಗಲೇ “ಸಶೇಷವ್ವ” ಎಂದು ಪಿಸುಗುಟ್ಟಿದ್ದಳು.

“ಬರೆದದ್ದನ್ನ ಬರೆದಂಗ ನಾ ಓದೇನ್ರಿ, ಅಕ್ಕೋರ,” ಎಂದೆ. “ಈಕಿಗೆ ಮೈ ಸುಡತಿತ್ತು. ಜ್ವರದಾಗ ಏನೇನೋ ಕೇಳಿರಬೇಕು.”

“ಶಾಣ್ಯಾಕಿ ನೀನು,” ಎಂದರು ಅಕ್ಕೋರು. “ನಾಲ್ಕನೇ ಇಯತ್ತೆ ಕಲಿತು ಇಂಥಾದ್ದನ್ನ ಓದಿದ್ಯಲ್ಲ.”

ಕಮಲಿ ಕೂಗಾಡುತ್ತಾಳೆ, ನನ್ನ ಜಡೆ ಹಿಡಿದು ಜಗ್ಗುತ್ತಾಳೆ ಎಂದು ನಾನು ಕಾದೆ. ಹಾಗಾಗಲಿಲ್ಲ. ನನ್ನನ್ನು ನೋಡಿದಳು. ಒಂದು ಕೈ ತನ್ನ ಕಿವಿಯ ಹತ್ತಿರ ಹೋಯಿತು. “ಹೌದೇನೋ,” ಎಂದಳು. “ಜ್ವರ ಭಾಳ ಇತ್ತು.”

ತನ್ನ ಕಿವಿಗಿಂತ ನನ್ನ ಮಾತನ್ನು ನಂಬಿದಳು.

ಆ ಮಾತು ಓಣಿಯಿಂದ ಮನೆಗೆ ಬಂತು. ಕಮಲಿ ಏನಾದರೂ ಹೇಳಿ, ಅದರಲ್ಲಿ ಯಾರಿಗಾದರೂ ಸಂಶಯ ಬಂದರೆ, “ಜ್ವರದಾಗ ಕೇಳಿರಬೇಕು ಬಿಡು,” ಎನ್ನುವುದು ರೂಢಿಯಾಯಿತು. ಅಪ್ಪನೂ ಅನ್ನುವರು, ಅವ್ವನೂ ಅನ್ನುವಳು, ಎಲ್ಲ ಪ್ರೀತಿಯಿಂದಲೇ. ಅವಳೂ ನಗುವಳು. ಹೊಸ ಕಥೆ ಶುರುವಾದಾಗ ಅಕ್ಕೋರು ಕರೆದರು. ಅವಳು ಹೋಗಲಿಲ್ಲ.

ಹದಿನೇಳಕ್ಕೆ ಅವಳನ್ನು ನೋಡಲು ಮಿಶ್ರಿಕೋಟಿಯಿಂದ ಬಂದರು. ಕಾಲೇಜು ಮುಂದುವರಿಸುತ್ತೇವೆ ಎಂದು ಹುಡುಗನ ತಂದೆ ಅಪ್ಪನಿಗೆ ಮಾತು ಕೊಟ್ಟರು. ನಾವಿಬ್ಬರೂ ಚಹಾದ ಕಪ್ಪು ಹಿಡಿದು ಬಾಗಿಲ ಹಿಂದೆ ನಿಂತಿದ್ದೆವು. ಹುಡುಗನ ತಾಯಿ ತಮ್ಮವರೊಬ್ಬರ ಕಿವಿಯಲ್ಲಿ, “ಲಗ್ನ ಒಂದು ಆಗಲಿ, ಸಾಲಿ ಗೀಲಿ ಎಲ್ಲಾ ನಾ ಬಿಡಸ್ತೇನಿ,” ಎಂದರು. ಅವರು ಹೋದ ಮೇಲೆ ಕಮಲಿ ಅದನ್ನು ಅಪ್ಪನಿಗೆ ಹೇಳಿದಳು.

“ಮಾತು ಕೊಟ್ಟಾರಬೇ ಅವರು. ನೀ ಜ್ವರದಾಗ ಕೇಳಿದಿ!” ಎಂದು ಅಪ್ಪ ನಕ್ಕರು.

ಕಮಲಿ ನನ್ನ ಕಡೆ ತಿರುಗಿದಳು. “ಅಕ್ಕಾ, ನೀನೂ ಅಲ್ಲೇ ಇದ್ದೆಲ್ಲಾ?”

ನನಗೂ ಕೇಳಿಸಿತ್ತು. ಬಾಯಿ ಬಿಟ್ಟರೆ ಮೊದಲಿನ ಸುಳ್ಳೂ ಹೊರಗೆ ಬಂದೀತೆಂಬ ಹೆದರಿಕೆಯೋ, ಬಂದ ಸಂಬಂಧ ತಪ್ಪೀತೆಂದೋ, ಇಂದಿಗೂ ತಿಳಿಯದು. “ನನಗೇನೂ ಕೇಳಲಿಲ್ಲ,” ಎಂದು ಕಪ್ಪು ತೊಳೆಯಲು ಹೋದೆ. ಲಗ್ನವಾದ ಮೇಲೆ ಅವಳು ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ.

ಈಗ ನಮ್ಮ ಮನೆಯಲ್ಲಿ ಅರಗಿನ ವಾಸನೆ ಇಲ್ಲ. ಅಪ್ಪ ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ಕಥೆಯೊಂದಕ್ಕಾಗಿ ಶುಕ್ರವಾರದ ದಾರಿ ಕಾಯುವವರು ಯಾವ ಓಣಿಯಲ್ಲೂ ಇಲ್ಲ. ಕಮಲಿ ಅಂಗನವಾಡಿಯಲ್ಲಿ ಸಹಾಯಕಿಯಾಗಿ ದುಡಿದಳು, ಮಕ್ಕಳನ್ನು ಬೆಳೆಸಿದಳು. ಒಳ್ಳೆಯ ಬಾಳೇ. ಆದರೆ ಗಟ್ಟಿಯಾಗಿ ಓದುತ್ತಿದ್ದ ಆ ಹುಡುಗಿಯನ್ನು ನಾನು ಮತ್ತೆ ಕಂಡಿಲ್ಲ. ಇಂದಿಗೂ ಅವಳು ಯಾವುದೇ ಸುದ್ದಿಯನ್ನು ಇಬ್ಬರ ಹತ್ತಿರ ಕೇಳಿಕೊಳ್ಳದೆ ನಂಬುವುದಿಲ್ಲ. ಮಕ್ಕಳು ಫೋನಿನಲ್ಲಿ ಏನೋ ಹೇಳಿ ಇಟ್ಟರೆ ಮತ್ತೆ ಹಚ್ಚಿ, “ಹಂಗ ಅಂದಿ, ಹೌದಿಲ್ಲೋ?” ಎಂದು ಕೇಳುತ್ತಾಳೆ.

ಹೋದ ತಿಂಗಳು ಅವಳೂ ಅವಳ ಮೊಮ್ಮಗಳೂ ನಮ್ಮಲ್ಲಿಗೆ ಬಂದಿದ್ದರು. ತಿರುಗಿ ಹೋಗುವ ದಿನ ಬಸ್ ಸ್ಟ್ಯಾಂಡಿನಲ್ಲಿ ಮೂವರೂ ಕುಳಿತಿದ್ದೆವು. ಮಿಶ್ರಿಕೋಟಿ ಬಸ್ಸು ಐದಕ್ಕೆ ಎಂದು ಕಂಡಕ್ಟರ್ ಹೇಳಿ ಹೋದದ್ದನ್ನು ಕಮಲಿ ಮೊಮ್ಮಗಳಿಗೆ ಹೇಳಿದಳು.

“ಆರಕ್ಕ ಅಂದಿರಬೇಕಜ್ಜಿ. ನೀ ಜ್ವರದಾಗ ಕೇಳಿದಿ!” ಎಂದಿತು ಕೂಸು. ಆ ಮಾತು ಎಲ್ಲಿಂದ ಬಂತೆಂದು ಅದಕ್ಕೇನು ಗೊತ್ತು?

ಕಮಲಿ ನಕ್ಕಳು. ನಕ್ಕು ನನ್ನ ಕಡೆ ತಿರುಗಿದಳು. “ಅಕ್ಕಾ, ನೀನೂ ಇಲ್ಲೇ ಇದ್ದೆಲ್ಲಾ. ಐದಕ್ಕ ಅಂದ್ನೋ, ಆರಕ್ಕ ಅಂದ್ನೋ?”

“ಐದಕ್ಕ ಅಂದ,” ಎಂದೆ. ಅವಳ ಕೈ ಹಿಡಿದುಕೊಂಡೆ. “ನೀ ಕೇಳಿದ್ದು ಖರೇ ಐತಿ. ಆವತ್ತ ನೌಕಿ ಇಳೀತು ಅಂತ ಕೇಳಿದ್ಯಲ್ಲ, ಅದೂ ಖರೇ. ನಾನ ಹಂಗ ಹೇಳಿದ್ದೆ, ಕಮಲಿ. ನನಗ ಓದಾಕ ಬರಲಿಲ್ಲ, ಕಟ್ಟಿ ಹೇಳಿದೆ, ಮತ್ತ ಎಲ್ಲಾರ ಮುಂದ ನಿನ್ನ ಮ್ಯಾಲೆ ಹಾಕಿದೆ. ನಿಮ್ಮ ಅತ್ತಿ ಅಂದಿದ್ದೂ ನನಗ ಕೇಳಿತ್ತು. ನಿನ್ನ ಕಿವಿ ಎಂದೂ ತಪ್ಪು ಕೇಳಿಲ್ಲ. ನಂದ ತಪ್ಪಾತವ್ವ, ಕ್ಷಮಾ ಮಾಡು.”