ಹರಳೆಣ್ಣೆ ವಾಸನೆಯ ಬ್ರೇಕು

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಲಾರಿಗಳಲ್ಲಿ ಒಂದನ್ನು ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕೊಂಡು ತಂದ. ಕೆಲಮಂಗಲದ ನಮ್ಮ ಮನೆ ಮುಂದೆ ಅದು ಬಂದು ನಿಂತ ದಿನದಿಂದ ಅಪ್ಪನ ಕಣ್ಣಿಗೆ ನಾನು ಬೀಳುವುದು ನಿಂತಿತು. ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ ಬಂದು ನಾನು ಕೆಲಸ ಹುಡುಕುತ್ತಿದ್ದೆ. ಸಂತೆಯಲ್ಲಿ ಯಾರೇ ಸಿಗಲಿ, ಅಪ್ಪ "ನಮ್ಮ ಅಳಿಯಂದ್ರು ಲಾರಿ ಮಡಗವ್ರೆ" ಎನ್ನುತ್ತಿದ್ದ. ಪಕ್ಕದಲ್ಲಿ ಚೀಲ ಹಿಡಿದು ನಿಂತವನು ಮಗ ಎನ್ನುವುದು ಮರೆತೇ ಹೋಗುತ್ತಿತ್ತು.

ಆಯುಧಪೂಜೆಯ ದಿನ ನಮ್ಮಲ್ಲಿ ತಿರುಗುವುದಕ್ಕೆಲ್ಲ ಹೊಸ ಎಣ್ಣೆ. ಗಾಡಿಯ ಅಚ್ಚಿಗೆ, ಬಾವಿಯ ರಾಟೆಗೆ ಮನೆಯಲ್ಲೇ ಕಾಯಿಸಿದ ಹರಳೆಣ್ಣೆ ಬಿಡುತ್ತಿದ್ದರು. ಲಾರಿಗೂ ಆ ಮರ್ಯಾದೆ ಆಗಲೆಂದು ಭಾವ ಒಂದೊಂದೇ ಮುಚ್ಚಳ ತೆಗೆದ. ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ಬೆರಳದ್ದಿ ಮೂಸಿದವನು ಹುಬ್ಬು ಗಂಟಿಕ್ಕಿದ.

"ಮಾವ, ಮೂಸಿ ನೋಡಿ. ಹರಳೆಣ್ಣೆ!"

ಅಪ್ಪ ಮೂಸಿದ. "ಊಂ, ನಮ್ಮ ಗಾಡಿಗೆ ಹಾಕೋದೇಯ."

"ಮಾರಿದೋನು ಮೋಸ ಮಾಡ್ಬುಟ್ಟವ್ನೆ. ಇಂಥ ಲಾರಿಗೆ ಎತ್ತಿನ ಗಾಡಿ ಎಣ್ಣೆ ಬಿಟ್ಟವ್ನಲ್ಲ!"

ನಾನೂ ಮೂಸಿದೆ. ಹರಳೆಣ್ಣೆಯ ಜೊತೆಗೆ ಆಸ್ಪತ್ರೆಯ ಘಾಟೂ ಮೂಗಿಗೆ ಹೊಡೆಯಿತು. "ಸ್ಪಿರಿಟ್ ವಾಸನೆನೂ ಐತೆ ಭಾವ, ಬೇಕೂಂತಲೇ ಬೆರೆಸಿರಬಹುದು" ಎಂದೆ.

"ಸುಮ್ಕಿರ್ಲಾ," ಎಂದ ಅಪ್ಪ. "ಅವ್ರು ಮೂಸಿ ಕಳ್ಳನ್ನ ಹಿಡಿದವ್ರೆ. ನೀನು ಅಷ್ಟು ವರ್ಷ ಓದಿ ಏನ್ ಹಿಡ್ಕೊಂಡು ಬಂದೆ?"

ಭಾವ ನಕ್ಕ. ಆ ಎಣ್ಣೆಯನ್ನೆಲ್ಲ ಬಸಿದು, ಎಂಜಿನ್ನಿಗೆಂದು ತಂದಿದ್ದ ಒಳ್ಳೆಯ ಎಣ್ಣೆಯ ಹೊಸ ಡಬ್ಬ ಒಡೆದು ಬ್ರೇಕಿಗೂ ತುಂಬಿದ. ಮುಚ್ಚಳಕ್ಕೆ ಅಪ್ಪ ತನ್ನ ಕೈಯಾರೆ ಕುಂಕುಮವಿಟ್ಟ. ನನ್ನ ಡಿಗ್ರಿಯ ಕಾಗದಕ್ಕೆ ಯಾರೂ ಒಂದು ಹೂವೂ ಇಟ್ಟಿರಲಿಲ್ಲ.

ಕೆಲವು ದಿನಗಳಲ್ಲೇ ಲಾರಿ ಭಾರವಾಗಿ ಎಳೆಯತೊಡಗಿತು. ತುಳಿದ ಬ್ರೇಕು ಬೇಗ ಮೇಲೆ ಬರುತ್ತಿರಲಿಲ್ಲ. "ಹೊಸ ಎಣ್ಣೆ ಅಲ್ವಾ, ಹಿಡಿತ ಬಲವಾಗೈತೆ" ಎಂದ ಭಾವ. ಅಪ್ಪ ಅದನ್ನೂ ಸಂತೆಯಲ್ಲಿ ಹೇಳಿಕೊಂಡು ಬಂದ.

ಒಂದು ದಿನ ಕಡಲೆಕಾಯಿ ಮೂಟೆ ಹೇರಿಕೊಂಡು ಕೃಷ್ಣಗಿರಿಗೆ ಹೊರಟೆವು. ಮುಂದೆ ಮೂವರು ಕೂರಬಹುದಿತ್ತು. ಭಾವ, ಅಪ್ಪ ಕುಳಿತರು. ಮೂರನೆಯ ಜಾಗದಲ್ಲಿ ಅಕ್ಕ ಕಟ್ಟಿಕೊಟ್ಟ ಬುತ್ತಿ ಕುಳಿತಿತ್ತು. "ಬಾಮೈದ್ರೇ, ನೀವು ಮೂಟೆ ಮ್ಯಾಲೆ ಕುಂತ್ಕೊಳಿ, ಗಾಳಿ ಚೆಂದಾಗ್ ಬತ್ತದೆ" ಎಂದ ಭಾವ. ಹಗ್ಗ ಹಿಡಿದು ಮೇಲೆ ಹತ್ತಿದೆ.

ಸೂಳಗಿರಿ ದಾಟಿದ ಮೇಲೆ ರಸ್ತೆ ಇಳಿಯುತ್ತದೆ. ಲಾರಿಯ ವೇಗ ಏರುತ್ತಲೇ ಹೋಯಿತು. ಸುಟ್ಟ ವಾಸನೆ ಬಂತು. ಕೆಳಗೆ ಭಾವ ಬ್ರೇಕನ್ನು ಮತ್ತೆ ಮತ್ತೆ ತುಳಿಯುವ ಸದ್ದು, ಗೇರು ಕಿರುಚಿದ ಸದ್ದು. ಮುಂದೆ ಒಂದು ಎತ್ತಿನ ಗಾಡಿ ಹೋಗುತ್ತಿತ್ತು. ಅದರ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು, ನಮ್ಮ ಕಡೆಗೆ ಮುಖ ಮಾಡಿ ಒಬ್ಬ ಹೆಂಗಸು ಕುಳಿತಿದ್ದಳು, ಮಡಿಲಲ್ಲಿ ಮಗು. ಅವಳು ಲಾರಿಯನ್ನು ನೋಡಿ ಮೊದಲು ಮಗುವಿಗೆ ತೋರಿಸಿದಳು. ಆಮೇಲೆ ಅವಳ ಬೆರಳು ಗಾಳಿಯಲ್ಲೇ ನಿಂತಿತು.

ಇಂದಿಗೂ ನನಗೆ ಆ ಬೆರಳು ಕಾಣುತ್ತದೆ. ಬಸ್ಸಿನಲ್ಲಿ ಇಳಿಜಾರು ಬಂದರೆ ನನ್ನ ಬಲಗಾಲು ತಾನಾಗಿ ಹಲಗೆಯನ್ನು ಒತ್ತುತ್ತದೆ.

ಭಾವ ಹುಣಸೆಮರಗಳ ನಡುವಿನ ಸಂದಿಯಲ್ಲಿ ಲಾರಿಯನ್ನು ಎಡಕ್ಕೆ ನುಗ್ಗಿಸಿದ. ನೀರು ಕಟ್ಟಿದ್ದ ರಾಗಿ ಹೊಲದಲ್ಲಿ ಚಕ್ರಗಳು ಹೂತು ಲಾರಿ ನಿಂತಿತು. ನಾನು ಮೂಟೆಗಳ ಜೊತೆ ಕೆಸರಿಗೆ ಬಿದ್ದೆ. ಎದ್ದು ನೋಡಿದರೆ ಅಪ್ಪ ಕೆಳಗಿಳಿದು ಭಾವನ ಮುಖ, ತೋಳು, ಎದೆ ಮುಟ್ಟಿ ನೋಡುತ್ತಿದ್ದ. "ಏಟಾಯ್ತಾ? ಏನಾರಾ ಏಟಾಯ್ತಾ?" ಎಂದು ಕೇಳುತ್ತಲೇ ಇದ್ದ. ನನ್ನ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ನಾನು ಅದನ್ನು ಒರೆಸಿಕೊಳ್ಳದೆ ಅಪ್ಪನೆದುರಿಗೇ ನಿಂತೆ.

ಜನ ಸೇರಿತು. ಗಾಡಿಯವನು ಭಾವನ ಕಾಲಿಗೆ ಬಿದ್ದ. ಎತ್ತು ಕಟ್ಟಿ ಲಾರಿಯನ್ನು ಎಳೆದು ಮರದ ನೆರಳಿಗೆ ತಂದು, ಬಿದ್ದ ಮೂಟೆಗಳನ್ನು ಮತ್ತೆ ಹೇರಿದರು. ಕೃಷ್ಣಗಿರಿಯಿಂದ ಕರೆಸಿದ ಮೆಕ್ಯಾನಿಕ್ ಬ್ರೇಕು ಬಿಚ್ಚಿ, ಒಳಗಿನ ರಬ್ಬರು ಬಿಲ್ಲೆಯನ್ನು ಎಲ್ಲರೆದುರು ಎತ್ತಿ ಹಿಡಿದ. ಅವನದು ತಮಿಳು ಬೆರೆತ ಕನ್ನಡ.

"ಯಾರ್ ಸಾಮೀ ಇದಕ್ಕೆ ಎಂಜಿನ್ ಆಯಿಲ್ ಬಿಟ್ಟಿದ್ದು? ನೆನೆಹಾಕಿದ ಕಡ್ಲೆ ಮಾದ್ರಿ ಊದ್ಕೊಂಡೈತೆ! ಬ್ರೇಕ್‌ಗೆ ಹರಳೆಣ್ಣೆ, ಸ್ಪಿರಿಟ್ ಬೆರೆಸಿದ್ದೇ ಆಗ್ಬೇಕು. ಯಾವ ಬುದ್ಧಿವಂತ ಮಾಡಿದ್ದು ಇದನ್ನ?"

ಭಾವನ ಮುಖ ಬಿಳುಚಿತು. ಈಗ ಅಪ್ಪ ನನ್ನ ಕಡೆ ತಿರುಗುತ್ತಾನೆ, ಅಂದು ನೀನು ಹೇಳಿದ್ದು ನಿಜ ಕಣ್ಲಾ ಎನ್ನುತ್ತಾನೆ ಎಂದು ನಾನು ಕಾದೆ.

"ನಾನೇ ಕಣಪ್ಪ," ಎಂದ ಅಪ್ಪ. "ಹಬ್ಬದ ದಿನ ತಿಳೀದೆ ಬಿಟ್ಬುಟ್ಟೆ. ಅಳಿಯಂದ್ರು ಬ್ಯಾಡ ಅಂದ್ರು, ನಾನೇ ಕೇಳ್ನಿಲ್ಲ."

ಜನ ನಕ್ಕರು. ಮುದುಕನಿಗೆ ಯಾಕಪ್ಪಾ ಲಾರಿ ಉಸಾಬರಿ ಎಂದರು. ಅಪ್ಪ ತಲೆ ತಗ್ಗಿಸಿ ನಿಂತು ಅವರೆಲ್ಲರ ನಗೆಯನ್ನು ತಾನೇ ತೆಗೆದುಕೊಂಡ. ಇಂಟರ್‌ಮೀಡಿಯಟ್‌ನಲ್ಲಿ ನಾನೊಮ್ಮೆ ಫೇಲಾದಾಗ ಇದೇ ಅಪ್ಪ ಬೀದಿಗೆಲ್ಲ ಸಾರಿದ್ದ.

ಮೆಕ್ಯಾನಿಕ್ ಕೊಳವೆಗಳನ್ನು ಸ್ಪಿರಿಟಿನಲ್ಲಿ ತೊಳೆದು, ರಬ್ಬರು ಬದಲಿಸಿ, ಸರಿಯಾದ ಎಣ್ಣೆ ತುಂಬಿದ. ಹರಳೆಣ್ಣೆ ವಾಸನೆ ಗಾಳಿಗೆ ಹರಡಿತು. ಭಾವ ಮುಂದಿನ ಬಾಗಿಲು ತೆರೆದು, "ಹತ್ತಿ ಮಾವ" ಎಂದ, ಎಂದಿಗಿಂತ ಮೆಲ್ಲಗೆ. ಅಪ್ಪ ಹತ್ತಿದ. ಬುತ್ತಿ ಕೆಸರಲ್ಲಿ ಚೆಲ್ಲಿಹೋಗಿತ್ತು. ಮೂರನೆಯ ಜಾಗ ಖಾಲಿಯಿತ್ತು. ಯಾರೂ ಕರೆಯಲಿಲ್ಲ. ನಾನು ಮೂಟೆಗಳ ಮೇಲೆ ಹತ್ತಿ ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡೆ.

ಉಳಿದ ಇಳಿಜಾರಿನಲ್ಲಿ ಬ್ರೇಕು ಚೆನ್ನಾಗಿ ಹಿಡಿಯಿತು. ಕೆಳಗೆ ಅವರಿಬ್ಬರೂ ಏನೋ ಮಾತಾಡುತ್ತಿದ್ದರು. ಗಾಳಿಯಲ್ಲಿ ಒಂದು ಮಾತೂ ನನಗೆ ಕೇಳಿಸಲಿಲ್ಲ.