ಟ್ಯೂಬಿನ ಮೇಲೆ ಕೂತು ಗಾಳ

ಇರಕಲ್ಲಗಡದ ಕಡೆ ಕೆಲಸಕ್ಕಿದ್ದಾಗ, ಬೇಸಿಗೆಯ ಒಂದು ರವಿವಾರ ಬೆಳಿಗ್ಗೆ ಮೀನು ಹಿಡಿಯಲು ಕೆರೆಗೆ ಹೋದೆ. ಟ್ರ್ಯಾಕ್ಟರಿನ ಹಳೇ ಟ್ಯೂಬಿಗೆ ಗಾಳಿ ತುಂಬಿಸಿ, ನಡುವೆ ಹಗ್ಗ ಹೆಣೆದು, ಅದರ ಮೇಲೆ ಕೂತು ಗಾಳ ಬಿಟ್ಟೆ. ನನಗೆ ಈಜು ಬರುವುದಿಲ್ಲ ಎಂಬುದು ಗಾಳಿ ಬೀಸಿ ಟ್ಯೂಬು ಕೆರೆಯ ನಡುವಿಗೆ ಹೋದ ಮೇಲೆ ನೆನಪಾಯಿತು. ಕಾಲು ಬಡಿದಷ್ಟೂ ಅದು ಇದ್ದಲ್ಲೇ ಗರಗರ ತಿರುಗುತ್ತಿತ್ತು.

ದಡದಲ್ಲಿ ಎಮ್ಮೆ ಕಾಯುತ್ತಿದ್ದ ಮುದುಕಿಯನ್ನು ಕೂಗಿದೆ. "ಯವ್ವಾ, ಯಾರನ್ನರ ಕರೀರಿ. ನನಗ ಈಸು ಬರಂಗಿಲ್ಲ."

ಆಕೆ ಅವಸರ ಮಾಡಲಿಲ್ಲ. "ನಿಮ್ಮ ಬಾಜೂಕ ನಮ್ಮ ಎಮ್ಮಿ ಐತಿ ನೋಡ್ರಿ. ಅದರ ಬಾಲ ಹಿಡ್ಕೋರಿ, ನಾ ಕರೀತೀನಿ."

"ಒದೀತೈತೇನ್ರಿ?"

"ಹೊಸಬ್ರ ದನಿ ಕೇಳಿದ್ರ ಅಂಜತೈತಿ. ನೀವು ಸುಮ್ಮನಿರ್ರಿ."

ಬಾಯಿ ಮುಚ್ಚಿಕೊಂಡು ಬಾಲ ಹಿಡಿದೆ. ಆಕೆ "ಬಾರ ನಿಂಗಿ" ಎಂದಳು. ಎಮ್ಮೆ ನನ್ನನ್ನೂ ಟ್ಯೂಬನ್ನೂ ಎಳೆದುಕೊಂಡು ನಿಧಾನವಾಗಿ ದಡ ಸೇರಿತು. ನಾನು ಕೆಸರಿನಲ್ಲೇ ಕೂತೆ.

"ಇನ್ನರ ಬಾಲ ಬಿಡ್ರೀ ಸರ," ಎಂದಳು ಮುದುಕಿ, "ಅದು ಮನಿಗೆ ಹೋಗಬೇಕು."

ಮನೆಯಲ್ಲಿ ಹೆಂಡತಿ ಖಾಲಿ ಚೀಲ ನೋಡಿದಳು. ಮೀನು ಕೈಗೆ ಸಿಗಲಿಲ್ಲ ಎಂದೆ. ಸಿಕ್ಕಿದ್ದೇನು ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ.